ಹೊಸ ಸ್ಕ್ಯಾನರನ್ನು ಅಳೆಯುವುದು ಹೇಗೆ?

ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ವೈದ್ಯರು ಪೆಟ್ ಸ್ಕ್ಯಾನ್ ಬರೆದುಕೊಟ್ಟರೆ ರೋಣ, ನರಗುಂದ, ಗಜೇಂದ್ರಗಡದವರು ಹುಬ್ಬಳ್ಳಿಗೋ ಅದಕ್ಕಿಂತ ದೂರದ ನಗರಕ್ಕೋ ಹೊರಡಬೇಕು. ಗಜೇಂದ್ರಗಡದಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಸ್ಕ್ಯಾನಿಗೆ ಮುಂಚೆ ನಾಲ್ಕರಿಂದ ಆರು ತಾಸು ಏನೂ ತಿನ್ನುವಂತಿಲ್ಲವಾದ್ದರಿಂದ ಆ ಪ್ರಯಾಣವೂ ಉಪವಾಸದಲ್ಲೇ. ಈಗ ಆಸ್ಪತ್ರೆಗಳು ‘ಡಿಜಿಟಲ್’ ಪೆಟ್ ಬಂದಿದೆ ಎಂದು ಫಲಕ ಹಾಕುತ್ತಿವೆ. ಚಿತ್ರ ಹೆಚ್ಚು ಸ್ಪಷ್ಟ ಎಂಬುದು ಅವರ ಮುಖ್ಯ ಮಾತು. ಆ ಮಾತು ಸುಳ್ಳಲ್ಲ. ಆದರೆ ದೂರದ ತಾಲ್ಲೂಕಿನವರು ಈ ಯಂತ್ರವನ್ನು ಬೇರೆ ಅಳತೆಯಿಂದ ನೋಡಬೇಕು ಎಂಬುದು ನನ್ನ ವಾದ.

ಯಂತ್ರದೊಳಗೆ ಬದಲಾಗಿರುವುದು ಇಷ್ಟು. ರೋಗಿಗೆ ಚುಚ್ಚುವ ಎಫ್‌ಡಿಜಿ, ಫ್ಲೋರಿನ್-18 ಅಂಟಿಸಿದ ಸಕ್ಕರೆಯಂಥ ವಸ್ತು. ಸಕ್ಕರೆಗೆ ಹಸಿದ ಕ್ಯಾನ್ಸರ್ ಗಡ್ಡೆಯಲ್ಲಿ ಅದು ಹೆಚ್ಚಾಗಿ ಸೇರಿಕೊಳ್ಳುತ್ತದೆ. ಅದರಿಂದ ಹೊಮ್ಮುವ ಪಾಸಿಟ್ರಾನ್ ಒಂದು ಎಲೆಕ್ಟ್ರಾನನ್ನು ಕೂಡಿ ಅಳಿಯುವಾಗ ಎರಡು ಗಾಮಾ ಕಿರಣಗಳು ಎದುರುಬದುರಾಗಿ ಹಾರುತ್ತವೆ. ಸುತ್ತ ಜೋಡಿಸಿದ ಹರಳುಗಳಲ್ಲಿ ಅವು ಮಿಂಚಾಗುತ್ತವೆ. ಆ ಮಿಂಚನ್ನು ಹಿಡಿಯಲು ಹಿಂದೆ ಗಾಜಿನ ಕೊಳವೆಗಳಿದ್ದವು, ಈಗ ಪುಟ್ಟ ಸಿಲಿಕಾನ್ ಸಂವೇದಕಗಳಿವೆ. ಲಾಭವಿರುವುದು ಸಮಯದ ಲೆಕ್ಕದಲ್ಲಿ. ಎರಡು ಕಿರಣಗಳು ತಲುಪಿದ ಹೊತ್ತಿನ ಅಂತರವನ್ನು ಹಳೆಯ ಯಂತ್ರಗಳು ಸುಮಾರು 500 ಪಿಕೊಸೆಕೆಂಡಿನವರೆಗೆ ಗುರುತಿಸುತ್ತಿದ್ದವು. ಹೊಸವುಗಳಲ್ಲಿ ಉತ್ತಮವಾದವು 200ರ ಆಸುಪಾಸಿಗೆ ಇಳಿದಿವೆ. ಬೆಳಕಿನ ವೇಗದಲ್ಲಿ ಲೆಕ್ಕ ಹಾಕಿದರೆ, ಕಿರಣ ಹುಟ್ಟಿದ ಜಾಗದ ಅನಿಶ್ಚಿತತೆ ಏಳೂವರೆ ಸೆಂಟಿಮೀಟರಿನಿಂದ ಮೂರಕ್ಕೆ ಬಂದಂತೆ. ಚಿತ್ರದಲ್ಲಿ ಗದ್ದಲ ಕಡಿಮೆ, ಸಣ್ಣ ಗಂಟು ಎದ್ದು ಕಾಣುತ್ತದೆ.

ಸಣ್ಣದು ಕಂಡರೆ ಒಳ್ಳೆಯದೇ ಅಲ್ಲವೇ, ಎಂದು ಕೇಳುವವರಿದ್ದಾರೆ. ಯಾವಾಗಲೂ ಅಲ್ಲ. ಕ್ಷಯದ ಗ್ರಂಥಿಯೂ ಎಫ್‌ಡಿಜಿ ಹೀರಿ ಹೊಳೆಯುತ್ತದೆ, ನಮ್ಮ ಕಡೆ ಕ್ಷಯವೇನೂ ಅಪರೂಪವಲ್ಲ. ಜರಡಿ ಸಣ್ಣದಾದಷ್ಟೂ ಕಾಳಿನ ಜೊತೆ ಕಲ್ಲೂ ನಿಲ್ಲುತ್ತದೆ. ಆರಿಸಲು ಬಯಾಪ್ಸಿ ಬೇಕು. ಹೋಲಿಕೆಯಲ್ಲೂ ಮೋಸವಾಗಬಹುದು. ಒಂದೇ ಚುಚ್ಚುಮದ್ದಿನ ಮೇಲೆ ರೋಗಿಯನ್ನು ಮೊದಲು ಹಳೆಯ ಯಂತ್ರದಲ್ಲಿ, ಆಮೇಲೆ ಹೊಸದರಲ್ಲಿ ಮಲಗಿಸಿದರೆ ಎರಡನೆಯದೇ ಗೆಲ್ಲುತ್ತದೆ, ಏಕೆಂದರೆ ಹೊತ್ತು ಹೋದಂತೆ ಸಾಮಾನ್ಯವಾಗಿ ಗಡ್ಡೆಯಲ್ಲಿ ಔಷಧ ಇನ್ನಷ್ಟು ಸೇರಿ ರಕ್ತದಲ್ಲಿ ಇಳಿಯುತ್ತದೆ. ಅರ್ಧದಷ್ಟು ರೋಗಿಗಳಿಗೆ ಸರದಿ ತಿರುಗಿಸದ ಅಧ್ಯಯನವನ್ನು ನಾನಂತೂ ನಂಬಲಾರೆ. ಇನ್ನು ಲಿಂಫೋಮಾದಂಥ ರೋಗದಲ್ಲಿ ಚಿಕಿತ್ಸೆ ಫಲಿಸಿತೇ ಎಂದು ನೋಡುವುದು ಗಂಟಿನ ಹೊಳಪನ್ನು ಯಕೃತ್ತಿನ ಹೊಳಪಿನೊಂದಿಗೆ ಹೋಲಿಸಿ. ಮೊದಲ ಸ್ಕ್ಯಾನ್ ಹಳೆಯದರಲ್ಲಿ, ಎರಡನೆಯದು ಹೊಸದರಲ್ಲಿ ಆದರೆ ಸಣ್ಣ ಗಂಟಿನ ಹೊಳಪಿನ ಅಂಕಿ ಯಂತ್ರದ ಕಾರಣಕ್ಕೇ ಏರಬಹುದು. ರೋಗ ಹೆಚ್ಚಿತೆಂದು ಬೆದರಿ ಚಿಕಿತ್ಸೆ ಬದಲಿಸುವ ಅಪಾಯವಿದೆ.

ಹಾಗಾದರೆ ಹಳೆಯದೇ ಸಾಕೆ? ಅಲ್ಲ, ಹೊಸದರ ನಿಜವಾದ ಗುಣ ಬೇರೆಡೆ ಇದೆ. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರಾದ ಗಳಿಗೆಯಿಂದಲೇ ಅದು ಕರಗುತ್ತಿರುತ್ತದೆ. ಅದನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ತರಲು ರಸ್ತೆಯಲ್ಲಿ ಏಳು ತಾಸು ಹಿಡಿದರೆ ಉಳಿಯುವುದು ಹದಿನಾಲ್ಕರಲ್ಲಿ ಒಂದು ಪಾಲು ಮಾತ್ರ. ಕಡಿಮೆ ಔಷಧದಲ್ಲೂ ಓದಬಲ್ಲ ಚಿತ್ರ ಕೊಡುವ ಯಂತ್ರ ಇಲ್ಲಿ ಬೆಲೆಯುಳ್ಳದ್ದು: ಒಂದೇ ಸೀಸೆಯಲ್ಲಿ ಹೆಚ್ಚು ಜನರಿಗೆ ಸ್ಕ್ಯಾನ್ ಆಗುತ್ತದೆ, ವಿಕಿರಣ ತಗ್ಗುತ್ತದೆ, ಮೇಜಿನ ಮೇಲೆ ಮಲಗುವ ಹೊತ್ತೂ ಕಡಿಮೆಯಾಗುತ್ತದೆ. ಯಂತ್ರಕ್ಕೆ ಹಾಕುವ ದುಡ್ಡಿನಲ್ಲಿ ತಾಲ್ಲೂಕಿನ ಆಸ್ಪತ್ರೆ ಸುಧಾರಿಸಬಹುದಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ರೋಗವನ್ನು ಬೇಗ ಗುರುತಿಸುವುದು ಅಲ್ಲೇ ಶುರುವಾಗುತ್ತದೆ. ಆದರೆ ನಗರದ ಆಸ್ಪತ್ರೆ ಹೇಗೂ ಯಂತ್ರ ಕೊಳ್ಳುತ್ತಿರುವಾಗ, ಅದನ್ನು ಯಾರ ಅಗತ್ಯಕ್ಕೆ ಪರೀಕ್ಷಿಸಿ ಕೊಳ್ಳುತ್ತದೆ ಎಂದು ಕೇಳುವುದಕ್ಕೆ ಖರ್ಚಿಲ್ಲ. ಸೀಸೆ ತುಂಬಿದ್ದಾಗ ಬೆಳಗಿನ ಮೊದಲ ರೋಗಿಯ ಚಿತ್ರ ಯಾವ ಯಂತ್ರದಲ್ಲೂ ಚೆನ್ನಾಗಿಯೇ ಬರುತ್ತದೆ. ಬಸ್ಸು ತಡವಾಗಿ, ತಳದಲ್ಲಿ ಉಳಿದ ಔಷಧದಲ್ಲಿ, ಮಧ್ಯಾಹ್ನ ಕೊನೆಗೆ ಮಲಗಿದ ಗಜೇಂದ್ರಗಡದ ರೋಗಿಯ ಚಿತ್ರವನ್ನೂ ಅದರ ಪಕ್ಕದಲ್ಲಿಟ್ಟು, ಯಾವುದು ಯಾವುದೆಂದು ಹೇಳದೆ ಎರಡನ್ನೂ ವೈದ್ಯರಿಂದ ಓದಿಸಬೇಕು.