ಬಣ್ಣದ ಕೆಳಗಿನ ನಂಬರು



ಭತ್ತದ ಗದ್ದೆ, ಕಾಲುವೆ ನೀರಿನ ಸರದಿ ಎಲ್ಲ ಬಿಟ್ಟು ಹಳೆಯ ವಿಮಾನದ ಮಾತಿಗೆ ಇಷ್ಟು ಜನ ಕೂಡಿದ್ದೀರಿ. ಗೊರೇಬಾಳದಂಥ ರನ್‌ವೇ ಇಲ್ಲದ ಊರಿನಲ್ಲಿ ಈ ಸಮಾವೇಶ ಯಾಕೆ ಎಂದು ಕೇಳಿದವರಿಗೆ ನಾನು ಮಸ್ಕಿಯ ಕಡೆ ಕೈ ತೋರಿಸುತ್ತೇನೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರು ಇತ್ತು. ಹಾಗಾಗಿಯೇ ಉಳಿದ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ಆ ಬಂಡೆಗೆ ಯಾರಾದರೂ ಸುಣ್ಣ ಬಳಿದಿದ್ದರೆ? ಸರ್ಕಲ್‌ಗಳಲ್ಲಿ ನಿಲ್ಲಿಸಿದ ವಿಮಾನಗಳಿಗೆ ನಾವು ಮಾಡುತ್ತಿರುವುದು ಅದನ್ನೇ.

ಜನರ ಬಾಯಲ್ಲಿ ಅವೆಲ್ಲ ಮಿಗ್. ಮಿಗ್-21 ಗಾಳಿ ಎಳೆದುಕೊಳ್ಳುವುದು ಮೂತಿಯಿಂದ. ಹಂಟರ್‌ನ ಗಾಳಿಕಿಂಡಿಗಳು ರೆಕ್ಕೆಯ ಬುಡದಲ್ಲಿ, ಹೊಗೆ ಬಿಡುವ ಬಾಯಿ ಒಂದೇ. ಕಾಕ್‌ಪಿಟ್‌ನ ಎರಡೂ ಪಕ್ಕ ಕಿಂಡಿ, ಬಾಲದಲ್ಲಿ ಜೋಡಿ ಬಾಯಿ ಕಂಡರೆ ಅದು ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿದ್ದು. ಇಷ್ಟು ಗೊತ್ತಾದರೆ ಜಾತಿ ತಿಳಿಯಿತು, ಅಷ್ಟೇ. ಇದು ಯಾವ ಮಾರುತ್, ಯಾವ ಸ್ಕ್ವಾಡ್ರನ್‌ನಲ್ಲಿತ್ತು ಎಂಬುದಕ್ಕೆ ತಗಡಿನ ಪ್ಲೇಟು ಹುಡುಕಬೇಕು, ಬಿಡಿಭಾಗಗಳ ಮೇಲೆ ಒತ್ತಿದ ಅಂಕಿ ಓದಬೇಕು.

ಹೊರಗೆ ಬರೆದ ನಂಬರನ್ನು ಹಾಗೇ ನಂಬಬೇಡಿ. ವಾಯುಪಡೆಯ ‘ಪರಶುರಾಮ’ ಎಂಬ ಡಕೋಟಾ ವಿಮಾನ ನೋಡಿ. ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರು ಡಕೋಟಾ ಪೈಲಟ್ ಆಗಿದ್ದ ತಂದೆಯ ಗೌರವಾರ್ಥ ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಕೊಟ್ಟದ್ದು, 2018ರಲ್ಲಿ ಬಂತು. ಅದರ ಮೇಲಿನ ವಿಪಿ 905 ಮಾತ್ರ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಬೇರೊಂದು ಡಕೋಟಾದ ನಂಬರು. ಹಾಗೆ ಬರೆಯುವುದು ತಪ್ಪೇನಲ್ಲ. ಪಕ್ಕದಲ್ಲಿ ನಿಜವನ್ನೂ ಬರೆದಿಡಬೇಕು, ನನ್ನ ತಕರಾರು ಅಷ್ಟೇ.

ಲಿಬರೇಟರ್ ಬಾಂಬರ್‌ಗಳದು ಇದರ ತದ್ವಿರುದ್ಧ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ಹಾರಬಾರದೆಂದು ಬೇಕಂತಲೇ ಕೆಡಿಸಿ ಅವನ್ನು ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ ಹೇಗೋ ಏನೋ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಗುಜರಿಗೆ ಹೋಗಬೇಕಾದವು 1968ರವರೆಗೆ ದುಡಿದವು. ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ನಮ್ಮಲ್ಲಿಂದಲೇ ಹೋದವು. ಅಮೆರಿಕದ ಅರಿಝೋನಾದ ಪೀಮಾ ಮ್ಯೂಸಿಯಂನಲ್ಲಿರುವುದೂ ಅಂಥದ್ದೇ. ಮೈಮೇಲೆ ಅಮೆರಿಕದ ಬಣ್ಣ, ಒಳಗೆ ಬೆಂಗಳೂರಿನ ಮೆಕ್ಯಾನಿಕ್‌ಗಳ ಕೈಕೆಲಸ!

ಕಾಪಾಡುವ ಮಾತಿಗೆ ಬರೋಣ. ವಿಮಾನದ ಹೊಟ್ಟೆಯ ಕೆಳಗೆ ನೀರು ಬಸಿಯಲು ಸಣ್ಣ ತೂತುಗಳಿರುತ್ತವೆ. ಗುತ್ತಿಗೆದಾರ ದಪ್ಪ ಪೇಂಟು ಹೊಡೆದಾಗ ಅವು ಮುಚ್ಚಿಹೋಗುತ್ತವೆ. ಮಳೆನೀರು ಒಳಗೇ ನಿಂತು ಅಲ್ಯೂಮಿನಿಯಂ ತಿನ್ನುತ್ತದೆ. ರಿವೆಟ್‌ಗಳ ಸುತ್ತ ಬಿಳಿ ಪುಡಿ ಏಳುತ್ತದೆ. ಪೇಂಟಿಗೆ ಸಾವಿರಾರು ರೂಪಾಯಿ ಸುರಿಯುವವರಿಗೆ ಆ ತೂತು ಬಿಡಿಸಲು ಒಂದು ತಂತಿ ಸಿಗುವುದಿಲ್ಲ.

ಕಾಪಾಡಬೇಕಾದದ್ದು ನೆನಪನ್ನೂ. ನಮ್ಮ ಭಾಗದ ಬೀದರಿನಲ್ಲೇ 1996ರಲ್ಲಿ ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ಹುಟ್ಟಿತು. 2011ರವರೆಗೆ ಹಾರಿಸಿದ್ದು ಎಚ್‌ಎಎಲ್‌ನ ಕಿರಣ್ ವಿಮಾನಗಳನ್ನೇ. ಅವನ್ನು ರಿಪೇರಿ ಮಾಡಿದ ಕೈಗಳು ಈಗ ಪೆನ್ಶನ್ ಎಣಿಸುತ್ತಿವೆ. ನಿಮ್ಮ ಬೀಗರ ಪೈಕಿ, ನೆರೆಹೊರೆಯಲ್ಲಿ ಅಂಥವರಿದ್ದರೆ ಹೋಗಿ ಮಾತಾಡಿಸಿ, ಅವರ ಹಳೆಯ ಫೋಟೋಗಳ ಹಿಂದೆ ವಿಮಾನದ ನಂಬರು, ಊರು, ಇಸವಿ ಬರೆಸಿಕೊಳ್ಳಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದು ನಿರ್ಣಯ ಮಂಡಿಸುತ್ತೇನೆ: ಪ್ರದರ್ಶನಕ್ಕಿಟ್ಟ ವಿಮಾನಕ್ಕೆ ಮರುಬಣ್ಣ ಬಳಿಯುವ ಮುಂಚೆ ಅದರ ಪ್ಲೇಟು, ನಂಬರುಗಳ ಫೋಟೋ ತೆಗೆದು ದಾಖಲೆ ಮಾಡುವುದು ಕಡ್ಡಾಯವಾಗಬೇಕು. ಊಟ ಮುಗಿಸಿ ಎಲ್ಲರೂ ತಪ್ಪದೆ ಬನ್ನಿ.