ಪಂಚಾಯಿತಿ ಲೆಕ್ಕದಲ್ಲಿ ಈ ಮಕ್ಕಳ ಪಾಲು ಎಲ್ಲಿದೆ?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಅವರು ಆಡಿದ ಮಾತುಗಳು)



ಸಾಲ, ಬಡ್ಡಿ, ಉಳಿತಾಯದ ಲೆಕ್ಕವನ್ನು ಪ್ರತಿ ವಾರ ಕೂತು ಮಾಡುವವರು ನೀವು. ಹತ್ತು ರೂಪಾಯಿ ಹೆಚ್ಚು ಕಡಿಮೆ ಆದರೂ "ಎಲ್ಲಿ ಹೋಯ್ತು?" ಅಂತ ಕೇಳದೆ ಬಿಡುವವರಲ್ಲ. ಅದಕ್ಕೇ ಇವತ್ತು ನಿಮ್ಮ ಮುಂದೆ ಇನ್ನೊಂದು ಲೆಕ್ಕ ಇಡುತ್ತಿದ್ದೇವೆ. ಅದು ನಿಮ್ಮೂರಿನ ಪಂಚಾಯಿತಿ ಲೆಕ್ಕ. ಕಲಿಯಲು ಹೆಚ್ಚಿನ ಆಸರೆ ಬೇಕಾದ ಮಕ್ಕಳಿಗೂ ಅದರಲ್ಲಿ ಪಾಲಿದೆ. ಬಹಳ ಕಡೆ ಆ ಪಾಲು ಮಕ್ಕಳ ಕೈಗೆ ಮುಟ್ಟುತ್ತಿಲ್ಲ.

ಯಾರು ಈ ಮಕ್ಕಳು?

ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ ಮಕ್ಕಳು ಎಲ್ಲರ ಗಮನಕ್ಕೂ ಬರುತ್ತಾರೆ. ಆದರೆ ಐದನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಬಾರದ ಹುಡುಗ, ಬಾಯಲ್ಲಿ ಲೆಕ್ಕ ಸರಿಯಾಗಿ ಹೇಳಿ ಬರೆಯುವಾಗ ಅಂಕಿ ಹಿಂದು ಮುಂದು ಮಾಡುವ ಹುಡುಗಿ, ಕರೆದರೂ ತಿರುಗಿ ನೋಡದೆ ತನ್ನ ಪಾಡಿಗೆ ತಾನು ಆಡುವ ಮಗು, ಇವರ ಗತಿ ಏನು? "ದಡ್ಡ", "ಹಟಮಾರಿ" ಅಂತ ಹೆಸರಿಟ್ಟು ಹಿಂದೆ ಕೂರಿಸುತ್ತಾರೆ. ಮನೆಯಲ್ಲಿ ನಾವೇ "ಏನ್ ಮಾಡೋದು, ಹಣೆಬರಹ" ಅಂತ ಸುಮ್ಮನಾಗುತ್ತೇವೆ.

ಇದು ಹಣೆಬರಹ ಅಲ್ಲ, ಯಾರ ಶಾಪವೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆ, ಆಟಿಸಂ, ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ ಎಲ್ಲವೂ ಅದರಲ್ಲಿ ಸೇರಿವೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಲೆಕ್ಕಕ್ಕೆ ಬಂದರು. ಆಗ ಕಲಿಕಾ ನ್ಯೂನತೆಗೆ, ಆಟಿಸಂಗೆ ಪ್ರತ್ಯೇಕ ಕಲಂ ಇರಲಿಲ್ಲ. ಲೆಕ್ಕಕ್ಕೇ ಬಾರದ ಮಗುವಿಗೆ ಪಾಲು ಕೊಡುವವರು ಯಾರು?

ಕಾಯ್ದೆ ಏನು ಹೇಳುತ್ತದೆ?

ಶೇ. 40 ಅಥವಾ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಮ್ಮದು. "ನಮ್ಮಲ್ಲಿ ಆಗಲ್ಲ, ಬೇರೆ ಕಡೆ ಸೇರಿಸಿ" ಅಂತ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ತೀವ್ರ ನ್ಯೂನತೆ ಇರುವ ಮಗು ಮನೆಯಲ್ಲೇ ಕಲಿಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚಿಗೆ ಅವಕಾಶವಿದೆ. ಹೆಣ್ಣು ಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹ ಧನವೂ ಇದೆ.

ಪಂಚಾಯಿತಿಯ ಹೊಣೆಯೂ ಕಡಿಮೆ ಏನಲ್ಲ. ಸರ್ಕಾರದ ಆದೇಶದಂತೆ ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ವರ್ಷಕ್ಕೆ ಹತ್ತು ಲಕ್ಷ ವರಮಾನ ಇದೆ ಅನ್ನಿ, ಅದರಲ್ಲಿ ಐವತ್ತು ಸಾವಿರ ಇವರದು. ಪಟ್ಟಣದ ನಗರಸಭೆ, ಪುರಸಭೆಗೂ ಇದೇ ಲೆಕ್ಕ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರು, ತಾಲ್ಲೂಕಿನಲ್ಲಿ ಅವರ ಮೇಲೆ ಬಹುವಿಧ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರು ಇರಬೇಕು. ಮನೆ ಮನೆಗೆ ಹೋಗಿ ಇಂಥವರನ್ನು ಗುರುತಿಸಿ ಸೌಲಭ್ಯ ಮುಟ್ಟಿಸುವುದೇ ಅವರ ಕೆಲಸ.

ಹಾಗಾದರೆ ಎಲ್ಲಿ ಸೋರಿ ಹೋಗುತ್ತಿದೆ?

ನಾವು ಓಡಾಡುವ ಹಳ್ಳಿಗಳಲ್ಲಿ ಕಂಡದ್ದನ್ನು ಹೇಳುತ್ತೇವೆ. ಹನ್ನೊಂದು ವರ್ಷದ ಒಬ್ಬ ಹುಡುಗಿ, ಸೆರೆಬ್ರಲ್ ಪಾಲ್ಸಿ. ಕುತ್ತಿಗೆ ನಿಲ್ಲುವುದಿಲ್ಲ. ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ, ನಗುತ್ತಾಳೆ, ಹಾಡಿಗೆ ತಾಳ ಹಾಕುತ್ತಾಳೆ. ಪಂಚಾಯಿತಿಯಿಂದ ಅವಳಿಗೆ ಕೈಯಲ್ಲಿ ತುಳಿಯುವ ಮೂರು ಚಕ್ರದ ಸೈಕಲ್ ಬಂತು. ಫೋಟೋ ತೆಗೆದರು, ಲೆಕ್ಕ ಮುಗಿಯಿತು. ತಲೆ ನಿಲ್ಲದ ಮಗು ಸೈಕಲ್ ತುಳಿಯುವುದು ಹೇಗೆ? ಅವಳಿಗೆ ಬೇಕಿದ್ದದ್ದು ತಲೆಗೆ, ಬೆನ್ನಿಗೆ ಆಸರೆ ಕೊಡುವ ಕುರ್ಚಿ. ಈಗ ಆ ಸೈಕಲ್ ಮೇಲೆ ಈರುಳ್ಳಿ ಚೀಲ ಕೂತಿದೆ, ಮಗು ಚಾಪೆ ಮೇಲೆ ಮಲಗಿದೆ. ಶಾಲೆಯ ಹಾಜರಿಯಲ್ಲಿ ಅವಳ ಹೆಸರಿದೆ. ಮನೆಗೆ ಬಂದು ಕಲಿಸಿದ ದಿನಗಳನ್ನು ಕೈ ಬೆರಳಲ್ಲಿ ಎಣಿಸಬಹುದು.

ಇದು ಒಂದು ಮನೆಯ ಕಥೆ ಅಲ್ಲ. ಮಗುವಿಗೆ ಏನು ಬೇಕು ಅಂತ ಕೇಳದೆ ಕೊಡುವುದು, ವರ್ಷದ ಕೊನೆಗೆ ಹಣ ಖರ್ಚು ತೋರಿಸಲು ಕೊಡುವುದು, ಕೆಲವು ಕಡೆ ಕೊಡದೆ ಹಾಗೇ ಉಳಿಸಿಕೊಳ್ಳುವುದು, ಹೀಗೆ ನಡೆಯುತ್ತದೆ. ಪುನರ್ವಸತಿ ಕಾರ್ಯಕರ್ತರನ್ನು ಪಂಚಾಯಿತಿಯ ಬೇರೆ ಬರವಣಿಗೆ ಕೆಲಸಕ್ಕೆ ಕೂರಿಸಿಕೊಂಡರೆ ಮನೆ ಭೇಟಿ ಯಾರು ಮಾಡುತ್ತಾರೆ? ವಿಕಲಚೇತನರಿಗಾಗಿಯೇ ನಡೆಯಬೇಕಾದ ಗ್ರಾಮಸಭೆಗೆ ಡಂಗುರವೂ ಇಲ್ಲ, ಚೀಟಿಯೂ ಇಲ್ಲ. ಸಹಿ ಮಾತ್ರ ಮನೆಗೆ ಬರುತ್ತದೆ. ಶಾಲೆಗೆ ರ‍್ಯಾಂಪು ಕಟ್ಟುತ್ತಾರೆ, ಶೌಚಾಲಯಕ್ಕೆ ಎರಡು ಮೆಟ್ಟಿಲು ಬಿಟ್ಟಿರುತ್ತಾರೆ. ಹೆಣ್ಣು ಮಗು ದೊಡ್ಡವಳಾದ ಮೇಲೆ ಆ ಎರಡು ಮೆಟ್ಟಿಲಿನಿಂದಲೇ ಶಾಲೆ ಬಿಡುತ್ತಾಳೆ.

ಹೋಗಿ ಕೇಳಿದರೆ ಏನಾಗುತ್ತದೆ? ಪಂಚಾಯಿತಿಯಲ್ಲಿ "ಅದು ಶಿಕ್ಷಣ ಇಲಾಖೆದು" ಅಂತಾರೆ. ಶಾಲೆಯಲ್ಲಿ "ಬಿ.ಇ.ಓ. ಆಫೀಸಲ್ಲಿ ಕೇಳಿ" ಅಂತಾರೆ. ಅಲ್ಲಿ "ಮೊದಲು ಸರ್ಟಿಫಿಕೇಟ್ ತನ್ನಿ" ಅಂತಾರೆ. ಸರ್ಟಿಫಿಕೇಟಿಗೆ ಜಿಲ್ಲಾ ಆಸ್ಪತ್ರೆಗೆ ಬರಬೇಕು. ಹೊಸದುರ್ಗದ ಆಚೆಯ ಹಳ್ಳಿಯಿಂದ ಮಗುವನ್ನು ಹೊತ್ತು ಎರಡು ಬಸ್ ಹತ್ತಿ ದುರ್ಗಕ್ಕೆ ಬಂದರೆ ಒಂದು ದಿನದ ಕೂಲಿ ಹೋಯಿತು. ಡಾಕ್ಟರ್ ಇಲ್ಲದಿದ್ದರೆ ಮತ್ತೊಂದು ದಿನದ್ದೂ ಹೋಯಿತು. ಮೊದಲು ನಮ್ಮ ಮಾತು ಎತ್ತಲು ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರಾದರೂ ಇದ್ದರು. 2021ರಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೀಗೆ ನಾಲ್ಕು ಬಾಗಿಲು ತಿರುಗುವಷ್ಟರಲ್ಲಿ ಮಗುವಿಗೆ ಎರಡು ವರ್ಷ ತುಂಬಿ ಹೋಗಿರುತ್ತದೆ. ಬೆಳೆ ಹೋದರೆ ಮುಂದಿನ ಮಳೆಗೆ ಬಿತ್ತಬಹುದು. ಕಲಿಯುವ ವಯಸ್ಸು ಹೋದರೆ ತಿರುಗಿ ಬರುವುದಿಲ್ಲ. ಉಚಿತ ಶಿಕ್ಷಣದ ಈ ಹಕ್ಕು 18ಕ್ಕೆ ಮುಗಿಯುತ್ತದೆ.

ಒಂದು ಮಾತು ನೆನಪಿರಲಿ. ಸಂಪನ್ಮೂಲ ಶಿಕ್ಷಕರ ಮೇಲೆ, ಪುನರ್ವಸತಿ ಕಾರ್ಯಕರ್ತರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಬೆರಳೆಣಿಕೆಯ ಶಿಕ್ಷಕರು ಇಡೀ ತಾಲ್ಲೂಕು ಸುತ್ತಬೇಕು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ. ಆ ಹುದ್ದೆಗಳನ್ನು ಪ್ರಕಟಿಸಿ ಭರ್ತಿ ಮಾಡಿ ಎಂದು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು. ನಾವು ಕೇಳಬೇಕಾದ್ದು ವ್ಯವಸ್ಥೆಯನ್ನು.

ನಾವು ಏನು ಮಾಡಬಹುದು?

1. ಪಟ್ಟಿ ಮಾಡಿ. ನಿಮ್ಮ ಸಂಘದ ಮನೆಗಳಲ್ಲಿ, ಬೀದಿಯಲ್ಲಿ, ಕೇರಿಯಲ್ಲಿ, ಹಟ್ಟಿಯಲ್ಲಿ 18ರ ಒಳಗಿನ ಇಂಥ ಮಕ್ಕಳು ಎಷ್ಟು? ಹೆಸರು, ವಯಸ್ಸು, ಶಾಲೆ, ಸರ್ಟಿಫಿಕೇಟ್ ಅಂದರೆ ಯು.ಡಿ.ಐ.ಡಿ. ಕಾರ್ಡ್ ಇದೆಯೋ ಇಲ್ಲವೋ, ಮಗುವಿಗೆ ಏನು ಬೇಕು, ಇಷ್ಟು ಬರೆಯಿರಿ. ತಾಯಿಯ ಒಪ್ಪಿಗೆ ಪಡೆದೇ ಬರೆಯಿರಿ.

2. ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಹೋದ ವರ್ಷ ಶೇ. 5ರ ಹಣ ಎಷ್ಟಿತ್ತು? ಯಾರಿಗೆ, ಏನಕ್ಕೆ ಖರ್ಚಾಯಿತು? ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಮಕ್ಕಳಿಗೆ ಏನಿದೆ? ಉತ್ತರ ನಡಾವಳಿ ಪುಸ್ತಕದಲ್ಲಿ ಬರೆದ ಮೇಲೆಯೇ ಸಹಿ ಮಾಡಿ.

3. ಬಾಯಿ ಮಾತು ಬೇಡ. ಪಿ.ಡಿ.ಓ. ಅವರಿಗೆ ಸಂಘದ ಹೆಸರಿನಲ್ಲಿ ಅರ್ಜಿ ಕೊಡಿ, ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಪಂಚಾಯಿತಿಯಲ್ಲಿ ಸದಸ್ಯರಿರಲಿ, ಆಡಳಿತಾಧಿಕಾರಿ ಇರಲಿ, ಅರ್ಜಿ ಅರ್ಜಿಯೇ.

4. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ ಹತ್ತು ರೂಪಾಯಿ, ಬಿ.ಪಿ.ಎಲ್. ಕಾರ್ಡಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಮಾಹಿತಿ ಕೊಡಬೇಕು.

5. ಅಲ್ಲಿಗೂ ಆಗದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಜಿಲ್ಲಾ ಪಂಚಾಯಿತಿ ಸಿ.ಇ.ಓ. ಅವರಿಗೆ, ಕೊನೆಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಬಹುದು. ಅರ್ಜಿ ಬರೆಯಲು ನಮ್ಮ ಕಾರ್ಯಕರ್ತೆಯರು ನಿಮ್ಮ ಜೊತೆ ಕೂರುತ್ತಾರೆ.

ದುರ್ಗಕ್ಕೆ ಸರ್ಟಿಫಿಕೇಟಿಗೆ ಹೋಗುವ ದಿನ ತಾಯಿ ಒಬ್ಬಳೇ ಹೋಗುವುದು ಬೇಡ. ಸಂಘದಿಂದ ಒಬ್ಬರು ಜೊತೆಗೆ ಹೋಗಿ. ನಾಲ್ಕೈದು ಮಕ್ಕಳಿದ್ದರೆ ಒಟ್ಟಿಗೆ ಹೋಗಿ.

ಬೈಬಲ್‌ನಲ್ಲಿ ಒಂದು ಪ್ರಸಂಗ ಇದೆ. ಪಾರ್ಶ್ವವಾಯು ರೋಗಿ ಒಬ್ಬನನ್ನು ಯೇಸುವಿನ ಹತ್ತಿರ ಕರೆತರಬೇಕು. ಬಾಗಿಲ ತುಂಬ ಜನ, ಒಳಗೆ ಹೋಗಲು ದಾರಿಯೇ ಇಲ್ಲ. ಹೊತ್ತು ತಂದ ನಾಲ್ವರು ಮನೆಗೆ ವಾಪಸ್ ಹೋಗಲಿಲ್ಲ. ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಇಳಿಸಿದರು. ನಿಮ್ಮ ಧರ್ಮ ಯಾವುದೇ ಇರಲಿ, ಈ ನಾಲ್ವರು ನಿಮಗೆ ಅರ್ಥವಾಗುತ್ತಾರೆ. ಒಬ್ಬ ತಾಯಿ ಎಷ್ಟು ದೂರ ಹೊರಬಲ್ಲಳು? ಹೊರಲು ಸಂಘ ಇದೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಎದ್ದು ಹೋಗಬೇಡಿ. ನಡಾವಳಿ ಪುಸ್ತಕದಲ್ಲಿ ಒಂದು ಹೊಸ ಪುಟ ತೆಗೆಯಿರಿ. ಮೇಲೆ "ನಮ್ಮೂರ ಮಕ್ಕಳು" ಅಂತ ಬರೆದು ಮೊದಲ ಹೆಸರು ಹಾಕಿ. ಆ ಪುಟವನ್ನೇ ಪಂಚಾಯಿತಿಗೆ ತೆಗೆದುಕೊಂಡು ಹೋಗೋಣ.