ಗಣಕದ ಅಂಚೆ ನಿಂತಾಗ
(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಅಂಚೆಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ನೌಕರಿಯ ಕರೆ, ಭವಿಷ್ಯನಿಧಿಯ ಜವಾಬು, ಊರಿನ ಜಮೀನಿನ ಪಹಣಿಯ ಪ್ರತಿ, ಮಕ್ಕಳ ಪರೀಕ್ಷೆಯ ಪ್ರವೇಶಪತ್ರ ಎಲ್ಲವೂ ಈ-ಮೇಲಿನಲ್ಲಿ ಬರುತ್ತವೆ. ಕೊನೆಯ ದಿನಾಂಕದ ಹಿಂದಿನ ರಾತ್ರಿ ಅರ್ಜಿಯೊಂದು ‘ಔಟ್‌ಬಾಕ್ಸ್’ನಲ್ಲೇ ಕುಳಿತುಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ನಮ್ಮಲ್ಲಿ ಅನೇಕರು ಆಫೀಸಿನಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮಿನ ಮುಂದೆಯೇ ದಿನ ಕಳೆಯುವವರು. ಅದು ನಿಂತಿತೆಂದರೆ ಸಾಹೇಬರ ದೃಷ್ಟಿ ಮೊದಲು ಬೀಳುವುದು ಗುಮಾಸ್ತನ ಮೇಲೆ. ಆದ್ದರಿಂದ ಈ ಸಂಜೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಒಂದು ಮಾತು. ಅಂಚೆ ಕಚೇರಿಯಲ್ಲಿ ಪತ್ರ ಕೊಡುವ ಕಿಂಡಿ ಬೇರೆ, ತೆಗೆದುಕೊಳ್ಳುವ ಕಿಂಡಿ ಬೇರೆ, ಇಲ್ಲಿಯೂ ಹಾಗೆಯೇ. ಕಳುಹಿಸುವ ಕಿಂಡಿಯ ಹೆಸರು ಎಸ್‌ಎಮ್‌ಟಿಪಿ. ಅದರ ನಿಯಮಗಳು ೧೯೮೨ರಷ್ಟು ಹಳೆಯವು. ಬಂದದ್ದನ್ನು ಪಡೆಯಲು ಎರಡು ಬಗೆ. ಪಾಪ್ ಎಂಬುದು ಚೀಲವನ್ನು ಮನೆಗೇ ಹೊತ್ತು ತರುವ ಪದ್ಧತಿ. ಐಮ್ಯಾಪ್ ಎಂಬುದು ಕಾಗದಗಳನ್ನು ಅಲ್ಲಿನ ಕಪಾಟಿನಲ್ಲೇ ಬಿಟ್ಟು ಓದುವ ಪದ್ಧತಿ; ೧೯೮೬ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ಇದನ್ನು ರೂಪಿಸಿದರು. (ಇಷ್ಟೊಂದು ಸಂಕ್ಷೇಪಗಳನ್ನು ನಮ್ಮ ತಲೆಯ ಮೇಲೆ ಏಕೆ ಹೊರಿಸಿದರೋ ದೇವರೇ ಬಲ್ಲ!) ಕಿಂಡಿಗಳು ಎರಡಾದುದರಿಂದ ಮೇಲ್ ಬರುತ್ತಿದ್ದು ಹೋಗದಿರುವುದೂ, ಹೋಗುತ್ತಿದ್ದು ಬಾರದಿರುವುದೂ ಸಾಧ್ಯ. ‘ಈ-ಮೇಲ್ ಕೆಟ್ಟಿದೆ’ ಎನ್ನುವ ಮೊದಲು ಯಾವ ಕಿಂಡಿ ಮುಚ್ಚಿದೆ ಎಂಬುದನ್ನು ನೋಡಿಕೊಳ್ಳಬೇಕು.

ಎರಡೂ ಮುಚ್ಚಿದ್ದರೆ ಬ್ರೌಸರಿನಲ್ಲಿ ಯಾವುದಾದರೂ ಪತ್ರಿಕೆಯ ಪುಟ ತೆರೆಯಿರಿ. ಅದೂ ಬಾರದಿದ್ದರೆ ದೋಷ ಇಂಟರ್‌ನೆಟ್ಟಿನದು. ಮೇಲ್ ಪ್ರೋಗ್ರಾಮಿನ ತಂಟೆಗೆ ಹೋಗಬೇಡಿ. ಪುಟ ಬಂದರೆ, ಅದೇ ಬ್ರೌಸರಿನಲ್ಲಿ ನಿಮ್ಮ ಮೇಲ್ ಖಾತೆಯನ್ನು ತೆರೆಯಿರಿ. ಅಲ್ಲಿ ತೆರೆದರೆ ಖಾತೆ ಕ್ಷೇಮ. ಆ ರಾತ್ರಿಯೇ ಹೋಗಬೇಕಾದ ಅರ್ಜಿಯನ್ನು ಅಲ್ಲಿಂದಲೇ ಕಳುಹಿಸಿ, ರಿಪೇರಿಯನ್ನು ನಾಳೆಗೆ ಇಟ್ಟುಕೊಳ್ಳಿ. ಥಂಡರ್‌ಬರ್ಡಿನಲ್ಲಿ ‘ವರ್ಕ್ ಆಫ್‌ಲೈನ್’ ಎಂಬ ಗುರುತು ಕೈತಪ್ಪಿ ಬಿದ್ದಿದೆಯೇ ಎಂಬುದನ್ನೂ ನೋಡಿ. ಅದೊಂದನ್ನು ತೆಗೆದೊಡನೆ ಸರಿಹೋದ ಯಂತ್ರಗಳು ಎಷ್ಟೋ.

ಇನ್ನು ಪರದೆಯ ಮೇಲೆ ಬರುವ ದೋಷವಾಕ್ಯ. ಅದನ್ನು ಓದದೆ ‘ಓಕೆ’ ಒತ್ತುವುದು ನಮ್ಮವರ ದೊಡ್ಡ ಚಾಳಿ. ‘ಟೈಮ್ಡ್ ಔಟ್’ ಎಂದರೆ ಬಾಗಿಲು ತಟ್ಟಿದೆವು, ಯಾರೂ ಓಗೊಡಲಿಲ್ಲ. ದಾರಿಯಲ್ಲಿ ಯಾರೋ ತಡೆದಿರಬಹುದು: ಆಫೀಸಿನ ಫೈರ್‌ವಾಲ್, ಆಂಟಿವೈರಸ್, ಇಲ್ಲವೇ ನೆಟ್ ಕೊಡುವ ಕಂಪನಿ. ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ ನೋಡಿದರೆ ತಕ್ಷಣ ತಿಳಿಯುತ್ತದೆ. ಅಲ್ಲಿ ಕೆಲಸ ಮಾಡಿದರೆ ತಡೆ ನಿಮ್ಮ ಮಾಮೂಲಿನ ದಾರಿಯಲ್ಲಿದೆ. ‘ರೆಫ್ಯೂಸ್ಡ್’ ಎಂದು ಬಂದರೆ ಸಾಮಾನ್ಯವಾಗಿ ಮನೆ ಸರಿ, ತಟ್ಟಿದ ಬಾಗಿಲು ತಪ್ಪು. ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಐಮ್ಯಾಪಿಗೆ ೯೯೩, ಪಾಪಿಗೆ ೯೯೫, ಇವೆರಡಕ್ಕೂ ಎಸ್‌ಎಸ್‌ಎಲ್/ಟಿಎಲ್‌ಎಸ್ ಬೀಗ. ಕಳುಹಿಸಲು ೪೬೫ ಆದರೆ ಅದೇ ಬೀಗ. ೫೮೭ ಆದರೆ ಸ್ಟಾರ್ಟ್‌ಟಿಎಲ್‌ಎಸ್. ಬಾಗಿಲೊಂದು, ಬೀಗವೊಂದು ಆದರೆ ತೆರೆಯದು. ಹಳೆಯ ಖಾತೆಗಳಲ್ಲಿ ೨೫ ಎಂದಿದ್ದರೆ ಬದಲಾಯಿಸಿ. ಕಸದ ಮೇಲಿನ ಹಾವಳಿಯಿಂದಾಗಿ ಅನೇಕ ಕಂಪನಿಗಳು ಆ ಬಾಗಿಲನ್ನು ಮುಚ್ಚಿಬಿಟ್ಟಿವೆ.

‘ಅಥೆಂಟಿಕೇಷನ್ ಫೇಲ್ಡ್’ ಎಂದು ಬಂದರೆ ಒಂದು ಲೆಕ್ಕದಲ್ಲಿ ಸಂತೋಷ ಪಡಬೇಕು. ದಾರಿ ಸರಿಯಿದೆ, ಬಾಗಿಲೂ ಸರಿಯಿದೆ, ದ್ವಾರಪಾಲಕ ಮಾತನಾಡಿದ್ದಾನೆ. ಗುರುತಿನ ಚೀಟಿಯನ್ನು ಮಾತ್ರ ಒಪ್ಪುತ್ತಿಲ್ಲ. ಇಲ್ಲಿಯೇ ಹೆಚ್ಚು ಜನ ಕಂಗೆಡುವುದು. ‘ಪಾಸ್‌ವರ್ಡ್ ಬದಲಾಯಿಸಿಲ್ಲ, ನಿನ್ನೆಯವರೆಗೆ ನಡೆಯುತ್ತಿತ್ತು’ ಎನ್ನುತ್ತಾರೆ. ಅವರು ಹೇಳುವುದು ನಿಜವೇ. ಬದಲಾದದ್ದು ಆಚೆಯವರ ನಿಯಮ. ೨೦೨೨ರ ಮೇ ೩೦ರಿಂದ ಗೂಗಲ್ ಸಂಸ್ಥೆ ಖಾಸಗಿ ಖಾತೆಗಳಲ್ಲಿ ಬರಿಯ ಪಾಸ್‌ವರ್ಡಿನಿಂದ ಬರುವ ಪ್ರೋಗ್ರಾಮುಗಳಿಗೆ ಪ್ರವೇಶ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ ೨೦೨೪ರ ಸೆಪ್ಟೆಂಬರ್ ೧೬ರಿಂದ ಹಾಗೆಯೇ ಮಾಡಿತು. ಈಗ ಬೇಕಾದದ್ದು ಓಆಥ್ ೨ ಎಂಬ ಪದ್ಧತಿ. ಇದರಲ್ಲಿ ಪಾಸ್‌ವರ್ಡನ್ನು ಸಂಸ್ಥೆಯ ಪುಟದಲ್ಲೇ ಕೊಡುತ್ತೇವೆ. ಅದು ಮೇಲ್ ಪ್ರೋಗ್ರಾಮಿಗೆ ಬೇರೊಂದು ಪರವಾನಗಿ ಚೀಟಿ ಕೊಡುತ್ತದೆ. ಥಂಡರ್‌ಬರ್ಡಿನ ಖಾತೆಯ ಸೆಟ್ಟಿಂಗಿನಲ್ಲಿ ‘ಅಥೆಂಟಿಕೇಷನ್ ಮೆಥಡ್’ ಎಂಬಲ್ಲಿ ಇದನ್ನು ಆರಿಸಬೇಕು. ಬರುವ ಕಿಂಡಿಗೆ ಒಮ್ಮೆ, ಕಳುಹಿಸುವ ಕಿಂಡಿಗೆ ಇನ್ನೊಮ್ಮೆ. ಎರಡನೆಯದನ್ನು ಮರೆತವರೇ ‘ಬರುತ್ತದೆ, ಹೋಗುವುದಿಲ್ಲ’ ಎಂದು ಪೇಚಾಡುವುದು. ಥಂಡರ್‌ಬರ್ಡಿನಲ್ಲಿ ಕುಕಿಗಳನ್ನು ತಡೆಹಿಡಿದಿದ್ದರೆ ಆ ಪುಟವೂ ನಡೆಯದು.

ಪ್ರೋಗ್ರಾಮು ಹಳೆಯದಾಗಿ ಓಆಥ್ ಅರಿಯದಿದ್ದರೆ, ಜಿಮೇಲಿನಲ್ಲಿ ಎರಡು ಹಂತದ ಪರಿಶೀಲನೆಯನ್ನು ಹಾಕಿಕೊಂಡು ‘ಆ್ಯಪ್ ಪಾಸ್‌ವರ್ಡ್’ ಪಡೆಯಬಹುದು. ಅದು ೧೬ ಅಕ್ಷರದ್ದು. ನೆನಪಿರಲಿ: ಮುಖ್ಯ ಪಾಸ್‌ವರ್ಡ್ ಬದಲಿಸಿದೊಡನೆ ಇದು ರದ್ದಾಗುತ್ತದೆ. ಹೊಸದನ್ನು ಪಡೆದು ತುಂಬಬೇಕು.

ಇನ್ನೊಂದು ವಿಚಿತ್ರ ಕಾರಣ ಗಡಿಯಾರ. ಹಳೆಯ ಗಣಕದೊಳಗಿನ ಗುಂಡಿಯಂಥ ಬ್ಯಾಟರಿ ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರಿನ ಪ್ರಮಾಣಪತ್ರ ಆಗಿನ್ನೂ ಹುಟ್ಟಿರದ ಕಾರಣ ಗಣಕ ಅದನ್ನು ನಂಬುವುದಿಲ್ಲ. ತಾರೀಖು ತಿದ್ದಿದರೆ ಸರಿ. ತಾರೀಖು ಸರಿಯಿದ್ದೂ ಪ್ರಮಾಣಪತ್ರದ ಎಚ್ಚರಿಕೆ ಬಂದರೆ, ಅದರಲ್ಲೂ ಹೋಟೆಲು, ರೈಲ್ವೆ ಸ್ಟೇಷನ್ನುಗಳ ವೈಫೈಯಲ್ಲಿ, ಒಪ್ಪಿಗೆ ಒತ್ತಬೇಡಿ. ಜಿಮೇಲಿನಲ್ಲಿ ೧೫ ಜಿಬಿ ಜಾಗ ಫೋಟೋಗಳಿಗೂ ಸೇರಿಯೇ. ಅದು ತುಂಬಿದರೂ ಮೇಲ್ ನಿಲ್ಲುತ್ತದೆ. ೨೫ ಎಂಬಿ ಮೀರಿದ ಲಗತ್ತು ಅಲ್ಲಿಂದ ಹೋಗದು.

ಬಂಧುಗಳೇ, ಬೇಸರದಿಂದ ‘ಖಾತೆಯನ್ನು ತೆಗೆದು ಹೊಸದಾಗಿ ಹಾಕೋಣ’ ಎಂದು ಮಾತ್ರ ಹೊರಡಬೇಡಿ. ಐಮ್ಯಾಪ್ ಆದರೆ ಸರ್ವರಿನಲ್ಲಿರುವ ಕಾಗದಗಳು ಉಳಿಯುತ್ತವೆ. ಪಾಪ್ ಆದರೆ ಹತ್ತು ವರ್ಷದ ಪತ್ರಗಳು ಆ ಒಂದು ಗಣಕದಲ್ಲೇ ಇರಬಹುದು; ಅಳಿಸಿದರೆ ತೀರಿತು. ಮೊದಲು ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಗೂಗಲಿನಲ್ಲಿ ಹುಡುಕಿದಾಗ ಸಿಗುವ ‘ಸಹಾಯವಾಣಿ’ ನಂಬರುಗಳಿಗೂ ಫೋನು ಮಾಡಬೇಡಿ. ಓಟಿಪಿ ಕೇಳುವವನು, ಗಣಕವನ್ನು ದೂರದಿಂದ ನೋಡುತ್ತೇನೆನ್ನುವವನು ನಿಮ್ಮ ಸಂಬಳದ ಖಾತೆಯವರೆಗೂ ಬರಬಲ್ಲ.

ವಾಚನಾಲಯದ ಗಣಕ ಎಲ್ಲರದು. ಅದರ ಮೇಲ್ ಪ್ರೋಗ್ರಾಮಿನಲ್ಲಿ ಸ್ವಂತ ಖಾತೆ ಹಾಕದೆ ಬ್ರೌಸರಿನಲ್ಲಿ ನೋಡಿ, ಏಳುವಾಗ ‘ಸೈನ್ ಔಟ್’ ಮಾಡಿ. ಮನೆಯ ಅಥವಾ ಆಫೀಸಿನ ಗಣಕದ ತೊಂದರೆಯಿದ್ದವರು ಮುಂದಿನ ಭಾನುವಾರ ಬರುವಾಗ ದೋಷವಾಕ್ಯವನ್ನು ಅಕ್ಷರ ಬಿಡದೆ ಚೀಟಿಯಲ್ಲಿ ಬರೆದು ತನ್ನಿ. ಯಾವ ಕಿಂಡಿ, ಯಾವ ಪೋರ್ಟ್ ಎಂಬುದನ್ನೂ ಬರೆಯಿರಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ, ನಾವು ಕೇಳುವುದೂ ಇಲ್ಲ.